ಕ್ರೇನಿನವನ ಕಿವಿ ಎಲ್ಲಿರಬೇಕು? ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಅಂಕೋಲೆಯಿಂದ ನಮಸ್ಕಾರಗಳು.

ನಾನು ಕ್ರೇನಿನವನು. ಹತ್ತೊಂಬತ್ತು ವರ್ಷಗಳಿಂದ ಅಂಕೋಲೆ–ಯಲ್ಲಾಪುರ ರಸ್ತೆಯಲ್ಲಿ ಮಗುಚಿದ, ಹೂತುಹೋದ, ಬ್ರೇಕ್ ಸುಟ್ಟುಕೊಂಡು ನಿಂತ ಗಾಡಿಗಳನ್ನು ಎಳೆದು ಹೊಟ್ಟೆ ಹೊರೆಯುತ್ತಿದ್ದೇನೆ. ಹೆದ್ದಾರಿಯ ಫಲಕದಲ್ಲಿ 52 ಎಂದಿದ್ದರೂ ನಮ್ಮ ಬಾಯಲ್ಲಿ ಅದಿನ್ನೂ 63. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವೇ ಅಧ್ಯಕ್ಷರು, ಹಾಗಾಗಿ ಈ ಪತ್ರ ತಮಗೆ. ಲಕೋಟೆಯಲ್ಲಿಟ್ಟು ಮನವಿ ಕೊಡಬಹುದಿತ್ತು. ಹಿಂದೆ ಎರಡು ಸಲ ಕೊಟ್ಟೆ, ಎರಡಕ್ಕೂ ಸ್ವೀಕೃತಿಯ ಮುದ್ರೆ ಸಿಕ್ಕಿತು, ಮುದ್ರೆಯ ಹೊರತು ಬೇರೇನೂ ಸಿಗಲಿಲ್ಲ. ಈ ಸಲ ಊರೆಲ್ಲ ಓದಲಿ.

ಕಳೆದ ಮೇ ತಿಂಗಳಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಕರಿ ಇಶಾಡು ಮಾವಿನಹಣ್ಣು ಹೇರಿಕೊಂಡು ಹುಬ್ಬಳ್ಳಿಗೆ ಹೊರಟಿದ್ದ ಪಿಕಪ್ ಅರಬೈಲ್ ಘಟ್ಟದ ತಿರುವಿನಲ್ಲಿ ಮಗ್ಗುಲಾಗಿ ಬಿತ್ತು. ಚಾಲಕನ ತಮ್ಮ ನನಗೆ ಫೋನ್ ಮಾಡಿದ. ನಾನು ಹೋಗಿ ನೋಡಿದರೆ ಯಲ್ಲಾಪುರದ ಕಡೆಯ ಇನ್ನೊಂದು ಕ್ರೇನ್ ಆಗಲೇ ಬಂದು ನಿಂತಿದೆ, ಅದನ್ನು ಕರೆದವರು ಯಾರೂ ಇಲ್ಲ! ಅವರ ಹುಡುಗ ಹಿಂದಿನ ಆಕ್ಸಲ್‌ಗೆ ಬೆಲ್ಟ್ ಸುತ್ತಿದ್ದಾನೆ, ನನ್ನ ಕ್ಲೀನರ್ ಹಟಕ್ಕೆ ಬಿದ್ದು ಮುಂದಿನ ಚಾಸಿಗೆ ಕೊಂಡಿ ಸಿಕ್ಕಿಸಿದ. ಒಂದು ಪಿಕಪ್‌ಗೆ ಎರಡು ತುದಿಯಲ್ಲಿ ಇಬ್ಬರು ಯಜಮಾನರು. ರಸ್ತೆಯ ಇಳಿಜಾರಿನಲ್ಲಿ ಹಣ್ಣು ಉರುಳುತ್ತಿತ್ತು, ಮೇಲಿನಿಂದ ಇಳಿಯುವ ಲಾರಿಗಳ ಚಕ್ರಕ್ಕೆ ಸಿಕ್ಕಿ ಡಾಂಬರೆಲ್ಲ ಹಳದಿಯಾಗಿ, ಜಾರುವಂತಾಗಿತ್ತು. ಚಾಲಕ ಹಣೆಗೆ ಟವೆಲ್ ಒತ್ತಿಕೊಂಡು, "ಅಣ್ಣಾ, ಯಾರಾದರೂ ಎತ್ತಿ, ಮೊದಲು ಉಳಿದ ಹಣ್ಣು ಆರಿಸಿಕೊಳ್ಳಲು ಬಿಡಿ" ಎನ್ನುತ್ತಿದ್ದ. ನಮಗೆ ಅದು ಕೇಳಿಸಲಿಲ್ಲ, ನಾವು ಪರಸ್ಪರರ ಮನೆತನದ ವಿಚಾರ ಮಾತನಾಡುವುದರಲ್ಲಿದ್ದೆವು. ಕೊನೆಗೆ ಸಾಲುಗಟ್ಟಿ ನಿಂತಿದ್ದ ಲಾರಿಗಳ ಚಾಲಕರು, ಕ್ಲೀನರ್‌ಗಳು ಇಳಿದು ಬಂದು, ಭುಜ ಕೊಟ್ಟು, ಪಿಕಪ್ಪನ್ನು ಕೈಯಿಂದಲೇ ಎತ್ತಿ ನಿಲ್ಲಿಸಿದರು. ಎರಡು ಕ್ರೇನ್‌ಗಳೂ ಬರಿಗೈಯಲ್ಲಿ ಮರಳಿದವು.

ಆ ಇನ್ನೊಂದು ಕ್ರೇನಿನ ಹುಡುಗ ಹೋಗುವಾಗ ಗುಟ್ಟು ಬಿಟ್ಟುಕೊಟ್ಟ. ಅವನ ಸೀಟಿನ ಪಕ್ಕ ಅಂತರ್ಜಾಲದಲ್ಲಿ ತರಿಸಿದ ಅಗ್ಗದ ವಾಕಿಟಾಕಿ ಇತ್ತು. ಪೊಲೀಸರ ವಯರ್‌ಲೆಸ್ ಅದರಲ್ಲಿ ಕೇಳಿಸುತ್ತದೆ ಎಂಬುದು ಅವನ ಜಂಬ. ನಿಜವಾಗಿ ಅದರಲ್ಲಿ ಕೇಳಿದನೋ, ಯಾರಾದರೂ ಒಳಗಿನವರು ಫೋನಿನಲ್ಲಿ ಪಿಸುಗುಟ್ಟಿದರೋ ದೇವರೇ ಬಲ್ಲ. "ಕಾಕಾ, ನೀವೂ ಒಂದು ತರಿಸಿಕೊಳ್ಳಿ. ಅಮೆರಿಕದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ" ಎಂದು ಮೊಬೈಲಿನಲ್ಲಿ ವಿಡಿಯೋ ಕೂಡ ತೋರಿಸಿದ.

ಮಳೆಗಾಲದಲ್ಲಿ ನನಗೆ ಬಿಡುವು ಹೆಚ್ಚು, ಅಮೆರಿಕದ ಕತೆಯನ್ನು ಪೂರ್ತಿ ಓದಿದೆ. ಹುಡುಗ ಹೇಳಿದ್ದು ಅರ್ಧ ನಿಜ. ಅಲ್ಲಿ ಸ್ಕ್ಯಾನರ್ ಎಂಬ ರೇಡಿಯೋ ಇದೆ. ಅದು ಒಂದಾದ ಮೇಲೊಂದು ತರಂಗಾಂತರವನ್ನು ತಡಕುತ್ತ ಹೋಗಿ ಎಲ್ಲಿ ಮಾತು ಕೇಳಿಸಿತೋ ಅಲ್ಲಿ ನಿಲ್ಲುತ್ತದೆ. ಟೋಯಿಂಗ್ ಲಾರಿಯವರು ಅದನ್ನು ಹಗಲೂ ರಾತ್ರಿ ಹಚ್ಚಿಟ್ಟುಕೊಂಡು, ಗಸ್ತಿನ ಪೊಲೀಸ್ ಕಂಟ್ರೋಲ್ ರೂಮಿಗೆ ಅಪಘಾತದ ಜಾಗ ಹೇಳಿದ ಕೂಡಲೇ ಓಡುತ್ತಿದ್ದರು. ಮೊದಲು ಮುಟ್ಟಿದವನಿಗೆ ಗಾಡಿ. ಹೀಗೆ ಓಡುವಾಗ ತಾವೇ ಇನ್ನೊಂದು ಅಪಘಾತ ಮಾಡುವುದು, ಗಾಬರಿಯಲ್ಲಿರುವವನ ಕೈಯಿಂದ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು, ಗಾಡಿ ಬಿಡಿಸಿಕೊಳ್ಳಲು ಬಂದರೆ ಬಾಯಿಗೆ ಬಂದ ಬಾಡಿಗೆ ಹೇಳುವುದು ಎಲ್ಲ ನಡೆಯಿತು. ಅದಕ್ಕೇ ಫ್ಲಾರಿಡಾ ರಾಜ್ಯದಲ್ಲಿ ಪೊಲೀಸರ ಪಟ್ಟಿಯಲ್ಲಿಲ್ಲದ ಟೋಯಿಂಗಿನವನು ಗಿರಾಕಿ ಹಿಡಿಯಲೆಂದು ಪೊಲೀಸ್ ರೇಡಿಯೋಗೆ ಕಿವಿಗೊಡುವುದೇ ಕಾನೂನುಬಾಹಿರ. ಹಲವು ಊರುಗಳಲ್ಲಿ ಪೊಲೀಸರು ತಮ್ಮ ಮಾತನ್ನು ಹೊರಗಿನವರಿಗೆ ಕೇಳಿಸದಂತೆ ಗೂಢಲಿಪಿಗೆ ಹಾಕಿದ್ದಾರೆ. ಕೆನಡಾದ ಟೊರೊಂಟೊ ಸುತ್ತ ಟೋಯಿಂಗ್ ಗುಂಪುಗಳ ಜಗಳ ಲಾರಿಗೆ ಬೆಂಕಿ ಇಡುವುದಕ್ಕೆ, ಕೊಲೆಗೆ ಹೋಗಿ ಮುಟ್ಟಿ, 2020ರಲ್ಲಿ ದೊಡ್ಡ ಬಂಧನಗಳೇ ಆದವು. ಆಮೇಲೆ ಒಂಟಾರಿಯೊ ಸರ್ಕಾರ ಕಾಯ್ದೆ ತಂದು, 2024ರಿಂದ ಈ ದಂಧೆಗೆ ಪ್ರಾಂತ್ಯದ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಘಟ್ಟದಲ್ಲಿ ಮಾವಿನಹಣ್ಣಿನ ರಸದಲ್ಲಿ ನಿಂತು ಬೈದಾಡಿದ್ದು ಅದೇ ಜಗಳದ ಮೊದಲ ಅಂಕ ಎಂದು ನನಗೆ ಅನ್ನಿಸಿತು.

ಹುಡುಗ ಹೇಳದ ಉಳಿದರ್ಧ ಇದಕ್ಕಿಂತ ಸ್ವಾರಸ್ಯದ್ದು. ಅದೇ ಅಮೆರಿಕದಲ್ಲಿ ಲಾರಿಯವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವ ಸಿಟಿಜನ್ ಬ್ಯಾಂಡ್ ರೇಡಿಯೋದ 9ನೇ ಚಾನೆಲ್ಲನ್ನು ತುರ್ತು ಕರೆಗೂ ದಾರಿಹೋಕರ ನೆರವಿಗೂ ಮೀಸಲಿಟ್ಟಿದ್ದಾರೆ. ಕೆಟ್ಟು ನಿಂತವನು ಅದರಲ್ಲಿ ಕೂಗಬಹುದು, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಅಲ್ಲಿ ಕಳ್ಳಗಿವಿಯ ಪ್ರಶ್ನೆಯೇ ಇಲ್ಲ, ಯಾಕೆಂದರೆ ಕೂಗುವವನು ಕೇಳಲಿ ಎಂದೇ ಕೂಗುತ್ತಾನೆ.

ಇದು ನಮಗೆ ಹೊಸದೇ? ನನ್ನ ಹೆಂಡತಿಯ ಅಣ್ಣ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟು ನಡೆಸುವ ತಾಂಡೇಲ. ಅವರ ಬೋಟಿನ ವಿಎಚ್‌ಎಫ್ ರೇಡಿಯೋ ಸೆಟ್ಟಿನಲ್ಲಿ 16ನೇ ಚಾನೆಲ್ ಎಂದರೆ ಅಪಾಯದ ಚಾನೆಲ್. ಮೀನು ಎಲ್ಲಿ ಬಿದ್ದಿದೆ ಎಂಬುದನ್ನು ಅವರವರು ಬೇರೆ ಚಾನೆಲ್ಲಿನಲ್ಲಿ, ಅರ್ಧ ಸುಳ್ಳು ಸೇರಿಸಿಯೇ, ಮಾತನಾಡಿಕೊಳ್ಳುತ್ತಾರೆ. ಆದರೆ 16ರಲ್ಲಿ ಇಂಜಿನ್ ನಿಂತಿತೆಂದೋ ನೀರು ನುಗ್ಗಿತೆಂದೋ ಕೂಗು ಬಂದರೆ ಹತ್ತಿರವಿದ್ದ ಬೋಟು ಬಲೆ ಬಿಟ್ಟು ಹೊರಡುತ್ತದೆ. ಎಳೆದು ತಂದದ್ದರ ಡೀಸೆಲ್ ಲೆಕ್ಕ ದಡದಲ್ಲಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ, ಚಾಲಕನನ್ನು ಜೀವಂತ ಮೇಲೆ ತಂದವರಲ್ಲಿ ಪೊಲೀಸರ ಜೊತೆ ಮೀನುಗಾರರೂ ಇದ್ದರು. ಅಂದು ಯಾರ ಗಿರಾಕಿ ಎಂದು ಯಾರೂ ಕೇಳಲಿಲ್ಲ.

ದಡ ಹತ್ತಿದ ಮೇಲೆ ನಮ್ಮ ಪದ್ಧತಿ ಏನು? ನನ್ನದನ್ನೇ ಹೇಳುತ್ತೇನೆ, ನಾನೇನೂ ಹರಿಶ್ಚಂದ್ರನಲ್ಲ. ನನ್ನ ಕಂಟ್ರೋಲ್ ರೂಮ್ ಎಂದರೆ ಚಹಾ ಅಂಗಡಿಗಳು. ಬಾಳೆಗುಳಿಯಿಂದ ಇಡಗುಂದಿಯವರೆಗೆ ಆರು ಅಂಗಡಿಗಳಲ್ಲಿ ನನ್ನ ಫೋನ್ ನಂಬರನ್ನು ಗೋಡೆಗೆ ಬರೆಸಿದ್ದೇನೆ. ಗಾಡಿ ಬಿದ್ದ ಸುದ್ದಿ ಮೊದಲು ಕೊಟ್ಟವರಿಗೆ 500 ರೂಪಾಯಿ. ದೊಡ್ಡ ಲಾರಿಯಾದರೆ 1000. ಈ ದುಡ್ಡನ್ನು ನಾನು ನನ್ನ ಕಿಸೆಯಿಂದ ಕೊಡುತ್ತೇನೆ ಎಂದು ತಿಳಿಯಬೇಡಿ, ಅದು ಬಿದ್ದವನ ಬಿಲ್ಲಿಗೇ ಸೇರುತ್ತದೆ. ಅಂಗಡಿಯವರಿಗಿಂತ ದೊಡ್ಡ ಕಿವಿ ಇರುವ ಕಡೆಗಳಲ್ಲಿ ದರವೂ ದೊಡ್ಡದು, ಅದನ್ನು ಇಲ್ಲಿ ಬಿಡಿಸಿ ಬರೆಯುವ ಧೈರ್ಯ ನನಗಿಲ್ಲ. ತಾವು ಊಹಿಸಬಲ್ಲಿರಿ. ಹಾಗೆಂದು ಅಂಗಡಿಗಳವರನ್ನು ಹಗುರವಾಗಿ ಕಾಣಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿದಾಗ ಕೊಚ್ಚಿಹೋದದ್ದು ಅಂಥದೇ ಒಂದು ಅಂಗಡಿ. ಲಾರಿಯವರು ಅಲ್ಲಿ ಗಾಡಿ ನಿಲ್ಲಿಸಿ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು, ಮುಂದಿನ ರಸ್ತೆಯ ಸುದ್ದಿ ತಿಳಿದುಕೊಂಡು ಹೋಗುತ್ತಿದ್ದರು.

ಈ ಏರ್ಪಾಡು ಮಧ್ಯರಾತ್ರಿ ಕೈಕೊಡುತ್ತದೆ. ಅಂಗಡಿಗಳು ಮುಚ್ಚಿರುತ್ತವೆ, ಘಟ್ಟದ ಮಡಿಲಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಮೂರು ವರ್ಷದ ಹಿಂದೆ ಒಂದು ಜೂನ್ ರಾತ್ರಿ ಕಬ್ಬಿಣದ ಸರಳು ತುಂಬಿದ ಲಾರಿ ರಸ್ತೆಬದಿಯ ಗುಡ್ಡದ ಬರೆಗೆ ಗುದ್ದಿ, ಕ್ಯಾಬಿನ್ ಒಳಕ್ಕೆ ಮಡಚಿಕೊಂಡಿತ್ತು. ಬೈಕಿನಲ್ಲಿ ಬರುತ್ತಿದ್ದವನೊಬ್ಬ ನಿಂತು ನೋಡಿ, ಫೋನ್ ಎತ್ತಿದರೆ ಒಂದು ಗೆರೆಯೂ ಇಲ್ಲ. ಮಳೆಯಲ್ಲಿ ರಾಮನಗುಳಿಯ ತನಕ ಇಳಿದು ಬಂದು 112ಕ್ಕೆ ಕರೆ ಮಾಡಿದ. ನಾನು ತಲುಪಿದಾಗ ಅಪಘಾತವಾಗಿ ಎರಡು ಗಂಟೆಯಾಗಿತ್ತು. ಸ್ಟೇರಿಂಗ್ ಮತ್ತು ಸೀಟಿನ ನಡುವೆ ಚಾಲಕನ ತೊಡೆ ಸಿಕ್ಕಿಕೊಂಡಿತ್ತು. ವಿಂಚಿನ ಹಗ್ಗವನ್ನು ಬಾಗಿಲ ಕಂಬಕ್ಕೆ ಕಟ್ಟಿ ನಾನು ಬೆರಳಿನಷ್ಟು, ಬೆರಳಿನಷ್ಟು ಎಳೆಯುತ್ತಿದ್ದರೆ ಅವನು ನನ್ನನ್ನು ಸಮಾಧಾನ ಮಾಡುತ್ತಿದ್ದ: "ಗಡಿಬಿಡಿ ಬೇಡ ಅಣ್ಣಾ, ಇಷ್ಟು ಹೊತ್ತು ಕಾದಿದ್ದೇನೆ." ಬದುಕಿದ. ಕಾಲು ಉಳಿಯಲಿಲ್ಲ. ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲದ ಮಾತು ತಮಗೆ ದಿನಾ ಕೇಳಿ ಸಾಕಾಗಿರಬಹುದು, ಇಲ್ಲಿ ಎತ್ತುವುದಿಲ್ಲ. ಆದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾದ ಜಿಲ್ಲೆಯಲ್ಲಿ ಮೊದಲ ಎರಡು ಗಂಟೆಯನ್ನು ಸಿಗ್ನಲ್ ಹುಡುಕುವುದಕ್ಕೆ ಕಳೆಯಬಾರದು.

2025ರ ಜನವರಿಯಲ್ಲಿ ಗುಳ್ಳಾಪುರದ ಬಳಿ ತರಕಾರಿ ಲಾರಿ ಮಗುಚಿ ಹತ್ತು ಜನ ಸತ್ತದ್ದು ಇದೇ ರಸ್ತೆಯಲ್ಲಿ. ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟವರು ಅವರು. ಆ ಬಗ್ಗೆ ಹೆಚ್ಚು ಬರೆಯಲಾರೆ.

ಹಾಗಾದರೆ ನಾವೇ ವಾಕಿಟಾಕಿ ಕೊಂಡು ಮಾತನಾಡಿಕೊಳ್ಳಬಾರದೇ ಎಂದು ತಾವು ಕೇಳಬಹುದು. ಅದನ್ನೂ ವಿಚಾರಿಸಿ ನೋಡಿದ್ದೇನೆ. ಪೊಲೀಸರ ಮಾತನ್ನು ಕದ್ದು ಕೇಳುವುದಂತೂ ಬೇಡವೇ ಬೇಡ, 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಸಂದೇಶವನ್ನು ಅಕ್ರಮವಾಗಿ ನಡುವೆ ಹಿಡಿದರೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ. ನನ್ನ ಕ್ರೇನು, ಮನೆ, ತೆಂಗಿನ ತೋಟ ಎಲ್ಲ ಮಾರಿದರೂ ಅಷ್ಟಾಗದು. ಪರವಾನಗಿ ಬೇಡದ ಸೆಟ್‌ಗಳೂ ಇವೆ. 27 ಮೆಗಾಹರ್ಟ್ಸ್ ಸುತ್ತಿನ ಸಿಟಿಜನ್ ಬ್ಯಾಂಡಿನಲ್ಲಿ 5 ವ್ಯಾಟ್‌ವರೆಗೆ ವಿನಾಯಿತಿ ಇದೆ, 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ವಾಕಿಟಾಕಿಗಳಿಗೆ 2018ರಿಂದ ವಿನಾಯಿತಿ ಸಿಕ್ಕಿದೆ. ತೊಂದರೆ ಇರುವುದು ಗುಡ್ಡದಲ್ಲಿ. ವಾಕಿಟಾಕಿಯ ತರಂಗ ನೇರ ಹೋಗುತ್ತದೆ, ಘಟ್ಟದ ಹಾಗೆ ತಿರುವು ತೆಗೆದುಕೊಳ್ಳುವುದಿಲ್ಲ. ಕಡಲಿನಲ್ಲಿ ಅಡ್ಡ ಏನೂ ಇಲ್ಲದ್ದರಿಂದ ಬೋಟಿನ ಮಾತು ದೂರ ಮುಟ್ಟುತ್ತದೆ. ಅರಬೈಲಿನಲ್ಲಿ ಎರಡು ತಿರುವು ದಾಟಿದರೆ ಸಣ್ಣ ಸೆಟ್ಟಿನ ಮಾತು ಬರೀ ಗೊರಗೊರ. ಗುಡ್ಡದ ತಲೆಯ ಮೇಲೆ ರಿಪೀಟರ್ ಇಟ್ಟು, ಕೆಳಗಿನ ಮಾತನ್ನು ಹಿಡಿದು ಮತ್ತೆ ಬಿತ್ತರಿಸಿದರೆ ಮಾತ್ರ ಎರಡೂ ಇಳಿಜಾರಿಗೆ ಕೇಳಿಸುತ್ತದೆ. ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು, ಗುಡ್ಡ ಅರಣ್ಯ ಇಲಾಖೆಯದಾದರೆ ಅವರ ಒಪ್ಪಿಗೆ ಬೇಕು. ಒಬ್ಬ ಕ್ರೇನಿನವನು ಈ ಎರಡು ಬಾಗಿಲು ತಟ್ಟುವಷ್ಟರಲ್ಲಿ ಅವನ ಮೊಮ್ಮಗ ಕ್ರೇನ್ ಓಡಿಸುತ್ತಿರುತ್ತಾನೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಹೆಸರಿನಲ್ಲಿ ತಾವು ಕೇಳಿದರೆ ಮಾತು ಬೇರೆ.

ನಾನು ಕೇಳುತ್ತಿರುವುದು ಇದು. ಅರಬೈಲ್ ಘಟ್ಟಕ್ಕೆ ಒಂದು, ದೇವಿಮನೆ ಘಟ್ಟಕ್ಕೆ ಒಂದು, ಅಣಶಿ ಘಟ್ಟಕ್ಕೆ ಒಂದು ರಿಪೀಟರ್. ಇಡಗುಂದಿ, ರಾಮನಗುಳಿಯಂಥ ಊರುಗಳಲ್ಲಿ ರಾತ್ರಿ ತೆರೆದಿರುವ ಒಂದೊಂದು ಜಾಗದಲ್ಲಿ, ಅರಣ್ಯ ತಪಾಸಣಾ ಗೇಟಾದರೂ ಸರಿ, ಚಹಾ ಅಂಗಡಿಯಾದರೂ ಸರಿ, ಒಂದು ಸೆಟ್. ಆಂಬುಲೆನ್ಸಿಗೆ, ಗಸ್ತಿನ ಗಾಡಿಗೆ, ಪಟ್ಟಿಯಲ್ಲಿರುವ ಕ್ರೇನಿಗೆ ಒಂದೊಂದು. ಕಾರವಾರದ ಕಂಟ್ರೋಲ್ ರೂಮಿನಲ್ಲಿ 112ಕ್ಕೆ ಬಂದ ಕರೆ, ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಬಂದ ಕರೆ ಎರಡೂ ಆ ಒಂದೇ ಚಾನೆಲ್ಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಲಿ. ಒಳಗೆ ಮನುಷ್ಯ ಸಿಕ್ಕಿಕೊಂಡಿದ್ದರೆ ಹತ್ತಿರವಿದ್ದವನು ಹೊರಡಲಿ, ಬರೀ ಗಾಡಿ ಕೆಟ್ಟಿದ್ದರೆ ಪಟ್ಟಿಯ ಸರದಿಯಂತೆ ಹೋಗಲಿ. ಅಮೆರಿಕದ ಊರುಗಳಲ್ಲೂ ಕೊನೆಗೆ ಪೊಲೀಸರು ಸರದಿಯ ಪಟ್ಟಿಗೇ ಬಂದಿದ್ದಾರೆ. ಬಾಡಿಗೆಯ ದರವನ್ನು ತಾವೇ ಗೊತ್ತು ಮಾಡಿ, ಬಾಳೆಗುಳಿ ಕ್ರಾಸಿನಲ್ಲಿ ಲಾರಿಯವರ ಕಣ್ಣಿಗೆ ಬೀಳುವಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ. ಕನ್ನಡದ ಜೊತೆ ಹಿಂದಿ, ತಮಿಳು, ಮಲಯಾಳದಲ್ಲೂ ಇರಲಿ, ಬೀಳುವವರಲ್ಲಿ ಅರ್ಧ ಜನ ಹೊರಗಿನವರು. ದರ ಗೊತ್ತಾದರೆ ನನಗೆ ನಷ್ಟ ಎಂಬುದು ತಿಳಿದೇ ಬರೆಯುತ್ತಿದ್ದೇನೆ, ನಮ್ಮ ಕೆಲವು ಗೆಳೆಯರು ಈ ಪತ್ರ ಓದಿ ಮಾತು ಬಿಟ್ಟರೂ ಬಿಡಬಹುದು.

ಕರೆಯನ್ನು ಎಲ್ಲರೆದುರು ಕೂಗಿ ಹೇಳುವಂತಾದರೆ ಕದ್ದು ಕೇಳುವವನಿಗೆ ಮಾರಲು ಏನೂ ಉಳಿಯುವುದಿಲ್ಲ. ಠಾಣೆಯಿಂದ ಪಿಸುಗುಟ್ಟುವವರಿಗೂ ಅಷ್ಟೇ. ನನ್ನ 500 ರೂಪಾಯಿಯೂ ಉಳಿಯುತ್ತದೆ, ಅಂದರೆ ಬಿದ್ದವನದು ಉಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ಸಲ ಕ್ರೇನಿನವರನ್ನು, ಪೊಲೀಸರನ್ನು, ಆಂಬುಲೆನ್ಸಿನವರನ್ನು ಒಟ್ಟಿಗೆ ಕೂರಿಸಿ ಸಭೆ ಕರೆಯಿರಿ. ಸಭೆಯನ್ನು ಕಾರವಾರದ ಸಭಾಂಗಣದಲ್ಲಿ ಇಡಬೇಡಿ, ಅರಬೈಲಿನ ಆ ತಿರುವಿನಲ್ಲಿ ಇಡಿ. ತಮ್ಮ ಮೊಬೈಲನ್ನು ಅಲ್ಲಿ ಒಮ್ಮೆ ತೆಗೆದು ನೋಡಿ. ಕೆಳಗೆ ಅಂಕೋಲೆಯಲ್ಲಿ ಆಂಟೆನಾ ನಿಲ್ಲಿಸಲು ಜಾಗ ಬೇಕಾದರೆ ನನ್ನ ಶೆಡ್ಡಿನ ಮಾಳಿಗೆ ಇದೆ, ಕರೆಂಟು ಬಿಲ್ಲು ನನ್ನದೇ. ಆ ಯಲ್ಲಾಪುರದ ಹುಡುಗನನ್ನೂ ಕರೆತರುತ್ತೇನೆ, ರೇಡಿಯೋ ಬಗ್ಗೆ ಅವನಿಗೆ ನನಗಿಂತ ಹೆಚ್ಚು ಗೊತ್ತು.

ಇಂತಿ ತಮ್ಮ ವಿಶ್ವಾಸಿ,
ಅಂಕೋಲೆಯ ಒಬ್ಬ ಕ್ರೇನ್ ಮಾಲೀಕ