ಯೆಮೆನ್ ಯುದ್ಧ ಬರೀ ಶಿಯಾ–ಸುನ್ನಿ ಜಗಳವಲ್ಲ

ಮಾನ್ಯ ಸಂಪಾದಕರೇ,

ಯೆಮೆನ್ ಯುದ್ಧವನ್ನು ಶಿಯಾ–ಸುನ್ನಿ ಜಗಳವೆಂದು ಒಂದೇ ಮಾತಿನಲ್ಲಿ ಮುಗಿಸುವ ವರದಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾನು ಮುದಗಲ್‌ನವಳು. ಹಿಂದೂ–ಮುಸ್ಲಿಮರು ಕೂಡಿ ಆಚರಿಸುವ ನಮ್ಮೂರ ಮೊಹರಂನಲ್ಲಿ ನಮ್ಮವ್ವ ಅಲಾಯಿ ಕುಣಿಗೆ (ಬೆಂಕಿ ಗುಂಡಿಗೆ) ಉಪ್ಪು ಹಾಕಿ, ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಸೆರಗಿನ ಗಂಟಿನಲ್ಲಿದ್ದ ಆ ಸಕ್ಕರೆಗೆ ಊದಿನ ವಾಸನೆ. ಯೆಮೆನ್‌ನಲ್ಲೂ ಝೈದಿ ಶಿಯಾಗಳು, ಶಾಫಿ ಸುನ್ನಿಗಳು ಒಂದೇ ಮಸೀದಿಯಲ್ಲಿ ನಮಾಜು ಮಾಡಿದವರೇ.

2014ರಲ್ಲಿ ಝೈದಿ ಬಂಡುಕೋರರಾದ ಹೂಥಿಗಳು ರಾಜಧಾನಿ ಸನಾ ಹಿಡಿದರು. 2015ರ ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಒಕ್ಕೂಟ ಅವರ ಮೇಲೆ ಬಾಂಬ್ ದಾಳಿ ಶುರುಮಾಡಿತು. ಹೂಥಿಗಳ ಬೆನ್ನಿಗೆ ಇರಾನ್. ಸೌದಿಗೆ ಅಮೆರಿಕ, ಬ್ರಿಟನ್‌ಗಳ ಶಸ್ತ್ರ. 2021ರ ಕೊನೆಯವರೆಗೆ 3.77 ಲಕ್ಷ ಸಾವು ಎಂದು ವಿಶ್ವಸಂಸ್ಥೆ ಅಂದಾಜಿಸಿತು. ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಂದದ್ದು ಹಸಿವು, ಕಾಯಿಲೆ. ಬಂದರುಗಳನ್ನು ಯಾರು ಮುಚ್ಚಿದರು, ಬಾಂಬ್ ಯಾರು ಮಾರಿದರು ಎಂಬುದನ್ನೂ ದಯವಿಟ್ಟು ಬರೆಯಿರಿ.

– ನಿವೃತ್ತ ಶಿಕ್ಷಕಿ, ಮುದಗಲ್, ರಾಯಚೂರು ಜಿಲ್ಲೆ