ಶಿಬಿರದಾಗ ಬಾಯೂ ಒಂದಿಷ್ಟು ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮವ್ವ ಊರಾಗಿರೋ ತಂಗಿಗೆ ದಿನಾ ಸಂಜಿಗೆ ವಿಡಿಯೋ ಕಾಲ್ ಮಾಡ್ತಾಳ, ಆದ್ರ ಒಂದ್ ವರ್ಷದಿಂದ ಚಿಕ್ಕವ್ವಗ ಕಾಣೂದು ನಮ್ಮ ಪುಣೆ ಚಿಂಚವಡ ಮನಿ ಫ್ಯಾನ್ ಅಷ್ಟ. ಫೋನ್ ಟೇಬಲ್ ಮ್ಯಾಲ ಮಲಗಿಸಿ ಮಾತಾಡ್ತಾಳ. ಹಿಡಿಯಾಕ ಬರವಲ್ದೇನೋ ಅಂತ ಸ್ಟ್ಯಾಂಡ್ ತಂದ್ಕೊಟ್ಟೆ, ಮುಟ್ಟಲಿಲ್ಲ. ಬೊಚ್ಚ ಬಾಯಿ ಕಾಣತೈತಿ ಅಂತ ನಾಚಿಕಿ, ಇದು ನನಗ ತಿಳಿಯಾಕ ಬಾಳ ದಿನ ಬೇಕಾತು.

ಹಲ್ಲಿನ ಸೆಟ್ ಮಾಡಿಸಿಲ್ಲಂತಲ್ರಿ. ಎರಡು ವರ್ಷದ ಹಿಂದನ ಮಾಡಿಸೀವಿ, ಅದೀಗ ಅಡಕಿ ಡಬ್ಬಿ ಬಾಜೂಕ ಇನ್ನೊಂದು ಡಬ್ಬಿಯೊಳಗ ಕುಂತೈತಿ. ರೊಕ್ಕ ಹಾಕಿದ್ದು ದಂಡ ಅಂತ ನಾನೂ ಬೈದೆ. ಆಮ್ಯಾಲೆ ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದಾಗ ಗೊತ್ತಾತು, ಹಲ್ಲು ಹೋದ ಮ್ಯಾಲ ಅದನ್ನ ಹಿಡಿದಿದ್ದ ದವಡಿ ಎಲುಬು ವರ್ಷಾ ವರ್ಷಾ ಸವೀತೈತಿ, ಕೆಳಗಿನ ದವಡಿದು ಇನ್ನೂ ಜಾಸ್ತಿ, ಮ್ಯಾಲಿನ ಸೆಟ್ ಅಂಗುಳಕ್ಕ ಅಂಟಿ ನಿಲ್ತೈತಿ, ಕೆಳಗಿಂದಕ್ಕ ಆ ಆಧಾರನೂ ಇಲ್ಲ, ನಾಲಿಗಿ ಹೊಳ್ಳಿದಾಗೆಲ್ಲ ಎದ್ದು ಬರ್ತೈತಿ. ಸೆಟ್ಟಿನ ಒಳಗಡೆ ಒಂದ್ ಪದರ ಹಾಕಿ ಹೊಂದಿಸಿಕೊಡ್ತಾರ, ಪ್ರತಿ ಸಲ ಹೊಸಾದು ಬೇಕಂತಿಲ್ಲ. ಯಾರೂ ಹೇಳಿದ್ದಿಲ್ಲ.

ಊಟದ ಕತಿ ಕೇಳಬ್ಯಾಡ್ರಿ. ಕಟಕ ರೊಟ್ಟಿ ಶೇಂಗಾ ಹಿಂಡಿ ಇಲ್ದ ಊಟ ಸೇರ್ತಿರಲಿಲ್ಲ ಆಕಿಗೆ, ಈಗ ರೊಟ್ಟಿ ಮಜ್ಜಿಗ್ಯಾಗ ನೆನಸಿ ಕಾಲು ತಾಸು ಕಾಯ್ತಾಳ, ಪಚಡಿ ಬಿಟ್ಲು, ಕಾಳು ಬಿಟ್ಲು, ಚಾದಾಗ ಬಿಸ್ಕಿಟ್ ಅದ್ದಿ ಅದ್ದಿ ಶುಗರ್ ಏರಿಸ್ಕೊಂಡ್ಲು. ಮದವಿ ಮನ್ಯಾಗ ಸೋಬಾನ ಎತ್ತಾಕ ಮೊದಲು ಆಕಿನ್ನ ಕರೀತಿದ್ರು. ಈಗ ಸ ಅಂದ್ರ ಗಾಳಿ ಹೋಗ್ತೈತಿ, ಸೆರಗು ಬಾಯಿಗೆ ಹಿಡ್ಕೊಂಡು ಹಿಂದ ಕುಂದರ್ತಾಳ.

ವಯಸ್ಸಾದ್ರ ಹಲ್ಲು ಬೀಳಾವ ಅಂತೀರಿ. ಜಪಾನ್‌ದಾಗ 1989ರಿಂದ 80 ವರ್ಷಕ್ಕ 20 ಹಲ್ಲು ಉಳಸ್ರಿ ಅಂತ ಚಳವಳಿನ ಮಾಡ್ಯಾರ. ನಮ್ಮವ್ವಂದು ವಯಸ್ಸಿನ ಕೆಲಸಲ್ಲ, ಮಿಶ್ರಿದು. ಹುರದ ತಂಬಾಕ ಪುಡಿ ತಿಕ್ಕಿದ್ರ ಹಲ್ಲು ಗಟ್ಟಿ ಆಗ್ತಾವಂತ ಮದವ್ಯಾದ ಹೊಸದಾಗ ಯಾರೋ ಹಚ್ಚಿಕೊಟ್ರು, ವಸಡಿ ಸಡಲಾಗಿ ಒಂದೊಂದ ಉದುರಿದ್ವು. ಇಲ್ಲಿ ನಮ್ಮ ಹೆಣಮಕ್ಕಳು ಎಷ್ಟ ಮಂದಿ ಇನ್ನೂ ತಿಕ್ಕತಾರ ನೋಡ್ರಿ!

ಹೋದ ವರ್ಷ ನಮ್ಮ ಭಾಗದ ಕನ್ನಡದವರ ಆರೋಗ್ಯ ಶಿಬಿರದಾಗ ನಾನೂ ಕುರ್ಚಿ ಹಾಕಿದ್ದೆ. ಬಿಪಿ ಆತು, ಶುಗರ್ ಆತು, ಕಣ್ಣು ನೋಡಿ ಫುಕಟ್ ಚಷ್ಮಾ ಕೊಟ್ರು, ಬಾಯಿ ತಗೀರಿ ಅಂತ ಒಬ್ಬರೂ ಅನಲಿಲ್ಲ. ಹಲ್ಲ ಇಲ್ಲ ಅಂದ್ಮ್ಯಾಲ ಏನ್ ನೋಡೂದು ಅಂತಾರ, ಆದ್ರ ತಂಬಾಕ ಹಚ್ಚಿದ ಬಾಯಾಗ ಬಿಳಿ ಕಲಿ, ಮಾಯದ ಹುಣ್ಣು ಇರಬಹುದು, ಅದು ಕ್ಯಾನ್ಸರ್ ಆಗೂಕಿಂತ ಮೊದಲ ಸಿಗಬೇಕು. ಪುಣೆದಾಗ ಡೆಂಟಲ್ ಕಾಲೇಜಿಗೇನ್ ಬರ ಐತಿ, ಕೇಳಿದ್ರ ಹುಡುಗರನ್ನ ಕಳಸ್ತಾರ. ಶಾಲು ಹಾರದ ಖರ್ಚಿನ್ಯಾಗ ಎರಡು ಹಾರ ಕಮ್ಮಿ ಮಾಡಿದ್ರೂ ಅವರ ಚಾ ನಾಷ್ಟಾ ಆಗ್ತೈತಿ.

ಈ ಸಲ ರಾಜ್ಯೋತ್ಸವಕ್ಕ ಶಿಬಿರ ಇಟ್ಟವರು ಹಲ್ಲಿನ ಡಾಕ್ಟರಿಗೊಂದು ಟೇಬಲ್ ಹಾಕ್ರಿ. ಡಬ್ಬಿಯೊಳಗಿನ ಸೆಟ್ಟೂ ಸಂಗಾಟ ತರ್ರಿ ಅಂತ ಪಾಂಪ್ಲೆಟಿನ್ಯಾಗ ಬರೀರಿ. ಬ್ಯಾಟ್ರಿ ನಾ ಹಿಡ್ಕೊಂಡು ನಿಂದರ್ತೀನಿ.

ಒಬ್ಬ ಓದುಗ, ಚಿಂಚವಡ, ಪುಣೆ