ಅವಧಿ ಮುಗಿದ ಪರವಾನಗಿಯ ಬೋರ್ಡ್ ಇಳಿಸಿ: ಎಂಜಿನಿಯರ್ ಪರವಾನಗಿ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಿಯಮ ನಿಮಗೆ ಗೊತ್ತೇ ಇದೆ. ಪರವಾನಗಿ ನವೀಕರಿಸದ ಎಂಜಿನಿಯರ್ ‘ಪರವಾನಗಿ ಪಡೆದವರು’ ಅಂತ ಜಾಹೀರಾತು ಹಾಕುವ ಹಾಗಿಲ್ಲ. ಹಾಗಿದ್ದ ಮೇಲೆ, ಹಾಕಿದವರನ್ನು ಯಾಕೆ ಸುಮ್ಮನೆ ಬಿಟ್ಟಿದ್ದೀರಿ?

ನಮ್ಮ ಮನೆ ರಿಪೇರಿಗೆ ಅಂತ ಒಬ್ಬ ಎಂಜಿನಿಯರ್ ಹತ್ತಿರ ಹೋಗಿದ್ದೆವು. ಆಫೀಸಿನ ಬೋರ್ಡು, ವಿಸಿಟಿಂಗ್ ಕಾರ್ಡು, ವೆಬ್‌ಸೈಟು, ಎಲ್ಲೆಲ್ಲೂ ಪರವಾನಗಿ ನಂಬರ್ ದಪ್ಪಕ್ಷರದಲ್ಲಿತ್ತು. ಬಿರುಕು ಬಿಟ್ಟ ಛಾವಣಿ ಅಪಾಯ, ಮೊದಲು ಕೆಡವಿಸಿ ಅಂದರು. ಕೆಡವಿಸಿದೆವು. ಫೀಸು ಕೊಟ್ಟೆವು. ಸೀಲು ಒತ್ತಿದ ನಕ್ಷೆ ಕೈಗೆ ಬಂತು. ಹೊಸದಾಗಿ ಕಟ್ಟಲು ಅನುಮತಿ ಕೇಳಿದಾಗ, ಅನುಮತಿ ಕೊಡುವ ಕಚೇರಿಯವರು ‘ಈ ನಂಬರ್ ಚಾಲ್ತಿಯಲ್ಲಿಲ್ಲ’ ಅಂತ ನಕ್ಷೆಯನ್ನು ವಾಪಸ್ ಕೊಟ್ಟರು. ಮಳೆಗಾಲ ಪೂರ್ತಿ ಟಾರ್ಪಾಲಿನ ಕೆಳಗೆ ಕಳೆದೆವು. ರಾತ್ರಿ ಹೊತ್ತು ಸೋರದ ಮೂಲೆ ಹುಡುಕಿ ಅಮ್ಮನ ಮಂಚ ಎಳೆಯುತ್ತಿದ್ದೆವು. ಅವರು ಒಂದು ಮಾತೂ ಆಡುತ್ತಿರಲಿಲ್ಲ. ಅದೇ ಜಾಸ್ತಿ ಸಂಕಟ ಕೊಡುತ್ತಿತ್ತು.

ಆ ಎಂಜಿನಿಯರ್‌ನ ಕೇಳಿದರೆ, ‘ಪರೀಕ್ಷೆ ಪಾಸಾಗಿದ್ದು ಸುಳ್ಳಲ್ಲವಲ್ಲ, ರಿನ್ಯೂವಲ್ ಒಂದು ಬಾಕಿ, ಅಷ್ಟೇ’ ಅಂದರು. ಡಿಗ್ರಿ ಸಾಯುವ ತನಕ ಇರುತ್ತದೆ, ಸರಿ. ಪರವಾನಗಿ ಹಾಗಲ್ಲ, ಅಲ್ವಾ? ಇವತ್ತು ಈ ಸಹಿ ತಪ್ಪಾದರೆ ಕೇಳುವವರಿದ್ದಾರೆ ಅನ್ನುವ ಭರವಸೆ ಅದು. ಕೆಲಸ ಬಿಟ್ಟವರು ‘ನಿವೃತ್ತ’ ಅಂತ ಬರೆದುಕೊಳ್ಳಲಿ, ಗೌರವವೇ. ಮುಗಿದದ್ದನ್ನು ಇದೆ ಅಂತ ತೋರಿಸಿ ಕೆಲಸ ಹಿಡಿಯುವುದು ಮೋಸ.

ದೂರು ಕೊಟ್ಟೆ. ನಿಮ್ಮ ಕಚೇರಿಯ ಉತ್ತರ ಓದಿ ಕೈ ನಡುಗಿತು: ‘ಸದರಿಯವರ ಪರವಾನಗಿಯ ಅವಧಿ ಮುಗಿದಿರುವುದರಿಂದ ಅವರು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ.’ ಸ್ವಾಮಿ, ನನ್ನ ದೂರೇ ಅದು! ಪರವಾನಗಿ ಇದ್ದವರು ತಪ್ಪು ಮಾಡಿದರೆ ಶಿಕ್ಷೆ, ಇಲ್ಲದವರು ಮಾಡಿದರೆ ಕೇಳುವವರೇ ಇಲ್ಲ ಅಂದರೆ ಈ ಮಂಡಳಿ ಯಾರಿಗಾಗಿ?

ಅಮೆರಿಕದ ವಯೋಮಿಂಗ್‌ನಲ್ಲಿ 1907ರಲ್ಲಿ ಎಂಜಿನಿಯರ್ ಪರವಾನಗಿ ಕಾನೂನು ಬಂದಿದ್ದು, ತಿಳಿಯದವರೆಲ್ಲ ನೀರಾವರಿ ನಕ್ಷೆಗಳಿಗೆ ಎಂಜಿನಿಯರ್ ಅಂತ ಸಹಿ ಹಾಕುತ್ತಿದ್ದರು ಅಂತಲೇ. ಟೆಕ್ಸಾಸ್‌ನಲ್ಲಿ 1937ರಲ್ಲಿ ನ್ಯೂ ಲಂಡನ್ ಶಾಲೆಯಲ್ಲಿ ಗ್ಯಾಸ್ ಸೋರಿ ಸ್ಫೋಟವಾಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಅದೇ ವರ್ಷ ಅಲ್ಲೂ ಎಂಜಿನಿಯರ್ ಪರವಾನಗಿ ಕಾನೂನು ಮಾಡಿದರು. ನೀವೂ ಹೆಣ ಬೀಳಲಿ ಅಂತ ಕಾಯಬೇಡಿ.

ಆ ಬೋರ್ಡ್ ಇಳಿಸಿ. ಜಾಹೀರಾತಿನಲ್ಲಿ ನಂಬರ್ ಹಾಕುವವರು ಅದರ ಪಕ್ಕದಲ್ಲೇ ಅವಧಿ ಮುಗಿಯುವ ದಿನಾಂಕವನ್ನೂ ಹಾಕಲೇಬೇಕು ಅಂತ ಆದೇಶ ಹೊರಡಿಸಿ. ಅವಧಿ ಮುಗಿದವರ ಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಪ್ರಕಟಿಸಿ. ನಾನು ಇದನ್ನು ಬರೆಯುವ ಹೊತ್ತಿಗೂ ಆ ಬೋರ್ಡ್ ಅಲ್ಲೇ ಇದೆ, ಇನ್ಯಾರೋ ಅದನ್ನು ನಂಬಿ ಒಳಗೆ ಹೋಗುತ್ತಿದ್ದಾರೆ. ಮೊದಲು ಅದನ್ನು ಇಳಿಸಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುತ್ತಿರುವ ಒಬ್ಬ ನಾಗರಿಕ